ಟಿಬಿ ಬಂದು ಒಂದೇ ರೂಮಲ್ಲಿ ಇರ್ಬೇಕಾದಾಗ ಆ ವಾರಗಳನ್ನ ಹೇಗೆ ಬಳಸ್ಕೋಬೇಕು: ಪೂರ್ತಿ ಮಾರ್ಗದರ್ಶಿ

ಕಫದ ರಿಪೋರ್ಟ್ ಪಾಸಿಟಿವ್ ಅಂತ ಬಂದ ದಿನ ಅಪ್ಪ ಮಾಡಿದ ಮೊದಲ ಕೆಲಸ ಮಹಡಿ ಮೇಲಿನ ರೂಮಲ್ಲಿದ್ದ ರಾಗಿ ಮೂಟೆ, ಹಳೇ ಟ್ರಂಕು ಎಲ್ಲ ಕೆಳಗೆ ಇಳಿಸಿ ಅಲ್ಲೊಂದು ಮಂಚ ಹಾಕಿದ್ದು. ಯಾರೂ ಜಾಸ್ತಿ ಮಾತಾಡ್ಲಿಲ್ಲ, ಅವ್ವ ಮಾತ್ರ ಮೆಟ್ಲ ಹತ್ರ ನಿಂತ್ಕೊಂಡು "ಎಷ್ಟ್ ದಿನ ಅಂದ್ರು ಮಗ ಡಾಕ್ಟ್ರು" ಅಂತ ಮೂರ್ ಸಲ ಕೇಳಿದ್ಲು. ನಮ್ಮೂರು ನಂಜನಗೂಡು ಕಡೆ, ಆಗ ನಂಗೆ 24 ವರ್ಷ, ಮೈಸೂರಲ್ಲಿ ಬಿಲ್ಲಿಂಗ್ ಕೆಲಸ ಮಾಡ್ತಿದ್ದೆ, ಅದಕ್ಕೂ ಮುಂಚೆ ಒಂದು ತಿಂಗಳು ಒಂದು ಕ್ಲಿನಿಕ್ಕಲ್ಲಿ ಬರೀ ಕೆಮ್ಮಿನ ಸಿರಪ್ ಕುಡ್ಕೊಂಡು ಕಾಲ ಕಳೆದಿದ್ದೆ, ಅಷ್ಟರಲ್ಲಿ 51 ಕೆಜಿ ಇದ್ದೋಳು 44ಕ್ಕೆ ಬಂದಿದ್ದೆ. (ಎರಡು ವಾರ ದಾಟಿದ ಕೆಮ್ಮು ಅಂದ್ರೆ ಕಫ ಟೆಸ್ಟ್ ಮಾಡಿಸ್ಬೇಕು, ಸರ್ಕಾರಿ ಆಸ್ಪತ್ರೇಲಿ ಫ್ರೀ. ನಂಗೆ ಯಾರಾದ್ರೂ ಇದನ್ನ ಮೊದಲೇ ಹೇಳಿದ್ರೆ ಆ ಒಂದು ತಿಂಗಳು ಉಳೀತಿತ್ತು.)

ಈಗ ನಾನು ಪೂರ್ತಿ ಹುಷಾರಾಗಿದೀನಿ. ಆ ರೂಮಲ್ಲಿದ್ದ ದಿನಗಳ ಬಗ್ಗೆ ಬರೀಬೇಕು ಅಂತ ಅನ್ಸಿದ್ದು ಯಾಕಂದ್ರೆ ಮಾತ್ರೆ ಬಗ್ಗೆ ಹೇಳೋರು ಇದಾರೆ, ಊಟದ ಬಗ್ಗೆ ಹೇಳೋರು ಇದಾರೆ, ಆದ್ರೆ ಒಬ್ಬಳೇ ಗೋಡೆ ನೋಡ್ಕೊಂಡು ಕೂತಿರೋ ಆ ಎರಡ್ಮೂರು ವಾರ ಏನ್ ಮಾಡ್ಬೇಕು ಅಂತ ನಂಗೆ ಯಾರೂ ಹೇಳ್ಲಿಲ್ಲ, ಮೊದಲ ಐದಾರು ದಿನ ನಾನು ಸುಮ್ನೆ ಅತ್ಕೊಂಡು ಫೋನ್ ನೋಡ್ಕೊಂಡು ಹಾಳು ಮಾಡ್ಕೊಂಡೆ. ಆಮೇಲೆ ಗೊತ್ತಾಯ್ತು ಟಿಬಿಲಿ ಕಷ್ಟದ ಭಾಗ ರೂಮಲ್ಲಿರೋ ದಿನಗಳಲ್ಲ, ಹೊರಗೆ ಬಂದ್ಮೇಲಿನ ತಿಂಗಳುಗಳು, ಯಾಕಂದ್ರೆ ಮೂರ್ನಾಲ್ಕು ವಾರಕ್ಕೆ ಜ್ವರ ಹೋಗಿ ಕೆಮ್ಮು ಕಮ್ಮಿಯಾಗಿ ಊಟ ಸೇರೋಕೆ ಶುರುವಾಗುತ್ತೆ, ಆಗ್ಲೇ ಜನ ಮಾತ್ರೆ ಬಿಡೋದು. ರೂಮಲ್ಲಿರುವಾಗ ಹಾಕ್ಕೊಂಡ ಅಭ್ಯಾಸ ಆಮೇಲೆ ಕೈ ಹಿಡಿಯುತ್ತೆ. ನಾನು ಕೆಳಗೆ ಬರೆದಿರೋದೆಲ್ಲ ಆ ಒಂದು ಲೆಕ್ಕಾಚಾರದ ಮೇಲೇನೆ.

ಶುರು ಮಾಡೋಕೆ ಮುಂಚೆ

ಮೊದಲು ನಿಮಗೆ ಪ್ರತ್ಯೇಕ ಇರೋ ಅಗತ್ಯ ಇದೆಯಾ ಅಂತ ಡಾಕ್ಟ್ರನ್ನ ಕೇಳಿ. ಶ್ವಾಸಕೋಶದ ಟಿಬಿ ಗಾಳಿಯಿಂದ ಹರಡುತ್ತೆ, ಕೆಮ್ಮಿದಾಗ ಸೀನಿದಾಗ ಮಾತಾಡಿದಾಗ. ಆದ್ರೆ ಕುತ್ತಿಗೆ ಗಂಟು, ಬೆನ್ನುಮೂಳೆ, ಹೊಟ್ಟೆ ಹೀಗೆ ಬೇರೆ ಕಡೆ ಮಾತ್ರ ಬಂದಿರೋ ಟಿಬಿ ಸಾಮಾನ್ಯವಾಗಿ ಹರಡಲ್ಲ, ಅಂಥೋರನ್ನೂ ರೂಮಲ್ಲಿ ಕೂಡಿ ಹಾಕಿರೋ ಮನೆ ನಾನೇ ನೋಡಿದೀನಿ, ತುಂಬಾ ಬೇಜಾರಾಗುತ್ತೆ.

ಎಷ್ಟು ದಿನ ಅನ್ನೋದಕ್ಕೆ, ಮಾತ್ರೆಗೆ ಬಗ್ಗೋ ಟಿಬಿ ಆದ್ರೆ ಸರಿಯಾಗಿ ಮಾತ್ರೆ ಶುರುವಾದ್ಮೇಲೆ ಹರಡೋ ಶಕ್ತಿ ಬೇಗ ಇಳಿಯುತ್ತೆ, ಸಾಮಾನ್ಯವಾಗಿ ಎರಡು ವಾರ ಅಂತಾರೆ, ನಂಗೆ ಕೆಮ್ಮು ಜಾಸ್ತಿ ಇದ್ದಿದ್ರಿಂದ ಮೂರು ವಾರ ಅಂದ್ರು. ಮಾತ್ರೆಗೆ ಬಗ್ಗದ ಟಿಬಿ ಅಂದ್ರೆ ಲೆಕ್ಕ ಬೇರೆ, ಇನ್ನೂ ಜಾಸ್ತಿ ದಿನ ಇರ್ಬೇಕಾಗ್ಬಹುದು. ನಿಮ್ಮ ದಿನದ ಲೆಕ್ಕ ನಿಮ್ಮ ಡಾಕ್ಟ್ರೇ ಹೇಳ್ಬೇಕು.

ಇನ್ನೊಂದು ವಿಷ್ಯ ನಂಗೆ ತುಂಬಾ ಧೈರ್ಯ ಕೊಟ್ಟಿದ್ದು. ನಮ್ಮಜ್ಜಿ ಕಾಲದಲ್ಲಿ ಕ್ಷಯ ಅಂದ್ರೆ ಸ್ಯಾನಿಟೋರಿಯಂ, ಊರಾಚೆ ಆಸ್ಪತ್ರೇಲಿ ವರ್ಷಗಟ್ಟಲೆ ಬಿಟ್ಟು ಬರೋದು. ಮೈಸೂರಿನ ಪಿಕೆಟಿಬಿ ಆಸ್ಪತ್ರೆ ಹೆಸರಲ್ಲಿರೋ ಪಿಕೆ ಅಂದ್ರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸೋದರಿ, ಅವರು ತೀರ್ಕೊಂಡಿದ್ದೇ ಈ ಕಾಯಿಲೆಯಿಂದ, ಅರಮನೇಲಿ ಇದ್ದೋರಿಗೂ ಆಗ ಔಷಧಿ ಇರ್ಲಿಲ್ಲ. ಔಷಧಿ ಬಂದ್ಮೇಲೂ ಮನೇಲಿಟ್ಟು ನೋಡ್ಕೊಂಡ್ರೆ ವಾಸಿಯಾಗಲ್ಲ, ಮನೆಯವರಿಗೂ ಬರುತ್ತೆ ಅನ್ನೋ ಭಯ ಹಾಗೇ ಇತ್ತು. 1956ರಲ್ಲಿ ಮದ್ರಾಸಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ಬಡವರ ಚಿಕ್ಕ ಚಿಕ್ಕ ಮನೆಗಳಲ್ಲೇ ರೋಗಿಗಳನ್ನ ಇಟ್ಟು ಮಾತ್ರೆ ಕೊಟ್ರು, ಇನ್ನೊಂದಷ್ಟು ಜನಕ್ಕೆ ಸ್ಯಾನಿಟೋರಿಯಂನಲ್ಲಿ ಕೊಟ್ರು, 1959ರಲ್ಲಿ ಬಂದ ಫಲಿತಾಂಶದಲ್ಲಿ ಮನೇಲಿದ್ದೋರೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ವಾಸಿಯಾಗಿದ್ರು, ಮನೆಯವರಿಗೆ ಹರಡೋದೂ ಅದ್ರಿಂದ ಹೆಚ್ಚಾಗಿರ್ಲಿಲ್ಲ. ನೀವು ಇವತ್ತು ನಿಮ್ಮ ಮನೇಲೇ ಇದ್ದು ವಾಸಿಯಾಗ್ತಿರೋದಕ್ಕೆ ಅದೊಂದು ದೊಡ್ಡ ಕಾರಣ.

ಹೆಜ್ಜೆ 1: ರೂಮು ಮತ್ತೆ ಗಾಳಿ

ದೊಡ್ಡ ರೂಮು ಬೇಕಾಗಿಲ್ಲ, ಕಿಟಕಿ ಇರೋ ರೂಮು ಬೇಕು, ಎದುರುಬದುರು ಕಿಟಕಿ ಇದ್ರೆ ಅಥವಾ ಕಿಟಕಿ ಎದುರು ಹೊರಗಡೆ ತೆರೆಯೋ ಬಾಗ್ಲಿದ್ರೆ ಇನ್ನೂ ಒಳ್ಳೇದು. ನಮ್ಮ ಕಡೆ ಹುಷಾರಿಲ್ಲ ಅಂದ ತಕ್ಷಣ ಕಿಟಕಿ ಮುಚ್ಚಿ ಕಂಬಳಿ ಹೊದಿಸೋದು ಅಭ್ಯಾಸ, ಟಿಬಿಗೆ ಅದು ಪೂರ್ತಿ ಉಲ್ಟಾ. ಕಿಟಕಿ ಹಗಲೂ ರಾತ್ರಿ ತೆಗೆದಿರಲಿ, ಚಳಿ ಆದ್ರೆ ಇನ್ನೊಂದು ರಗ್ಗು ಹೊದ್ಕೊಳ್ಳಿ, ಸೊಳ್ಳೆ ಕಾಟ ಇದ್ರೆ ಕಿಟಕಿಗೆ ಮೆಶ್ ಬಡಿಸಿ ಅಥವಾ ಸೊಳ್ಳೆ ಪರದೆ ಕಟ್ಟಿ. ಟೇಬಲ್ ಫ್ಯಾನ್ ಇದ್ರೆ ರೂಮಿನ ಗಾಳಿ ಕಿಟಕಿಯಿಂದ ಆಚೆ ಹೋಗೋ ಥರ ಇಡಿ, ಮನೆ ಒಳಗಡೆಗೆ ಬೀಸೋ ಥರ ಅಲ್ಲ. ಮನೇಲಿ ಒಂದೇ ರೂಮು ಇದ್ರೆ ಹಗಲಲ್ಲಿ ಜಗಲಿ, ಹಿತ್ಲು, ಮರದ ಕೆಳಗೆ ಎಲ್ಲಾದ್ರೂ ಹೊರಗೇ ಇರಿ, ರಾತ್ರಿ ಮಲಗೋದು ಮಾತ್ರ ಮಕ್ಕಳಿಂದ ದೂರ, ಕಿಟಕಿ ಪಕ್ಕ.

ಯಾರಾದ್ರೂ ಒಳಗೆ ಬಂದ್ರೆ ನೀವು ಮಾಸ್ಕ್ ಹಾಕ್ಕೊಳ್ಳಿ. ಕಫ ಉಗಿಯೋಕೆ ಮುಚ್ಚಳ ಇರೋ ಡಬ್ಬಿ, ಒಳಗೆ ಸ್ವಲ್ಪ ಫಿನಾಯಿಲ್, ಅದನ್ನ ಹೇಗೆ ವಿಲೇವಾರಿ ಮಾಡ್ಬೇಕು ಅಂತ ಆಶಾ ಅಕ್ಕನ್ನ ಕೇಳಿದ್ರೆ ತೋರಿಸ್ತಾರೆ.

ತಟ್ಟೆ ಲೋಟದ ವಿಷ್ಯ ಮಾತ್ರ ಸ್ವಲ್ಪ ಬಿಡಿಸಿ ಹೇಳ್ಬೇಕು. ನಮ್ಮನೇಲಿ ಮೊದಲ ದಿನಾನೇ ನಂಗೆ ಅಂತ ಒಂದು ಸ್ಟೀಲ್ ತಟ್ಟೆ ಬೇರೆ ಮಾಡಿದ್ರು, ಅದಕ್ಕೆ ದಾರ ಕಟ್ಟಿ ಗುರುತು ಮಾಡಿದ್ರು, ಆ ದಾರ ನೋಡಿ ನಂಗಾದ ಸಂಕಟ ರಿಪೋರ್ಟ್ ನೋಡಿದಾಗ್ಲೂ ಆಗಿರ್ಲಿಲ್ಲ. ಟಿಬಿ ತಟ್ಟೆಯಿಂದ ಬರಲ್ಲ, ಬಟ್ಟೆಯಿಂದ ಬರಲ್ಲ, ಕೈ ಮುಟ್ಟಿದ್ರೆ ಬರಲ್ಲ, ಮಾಮೂಲಿ ಸೋಪಲ್ಲಿ ತೊಳೆದ್ರೆ ಸಾಕು. ಆಶಾ ಅಕ್ಕ ಬಂದು ಅವ್ವನ ಎದುರು ಇದನ್ನ ಹೇಳಿದ್ಮೇಲೆ ಅವ್ವ ಏನೂ ಮಾತಾಡ್ದೆ ಆ ದಾರ ಬಿಚ್ಚಿ ಹಾಕಿದ್ಲು. ನಿಮ್ಮ ಮಾತು ಮನೇಲಿ ನಡೀದಿದ್ರೆ ಆಶಾ ಕಾರ್ಯಕರ್ತೆ ಅಥವಾ ಟಿಬಿ ಸೂಪರ್‌ವೈಸರ್ ಕೈಲಿ ಹೇಳಿಸಿ, ಹೊರಗಿನೋರು ಹೇಳಿದ್ರೆ ಬೇಗ ಕೇಳ್ತಾರೆ.

ಹೆಜ್ಜೆ 2: ಮಾತ್ರೆಗೆ ಒಂದು ಟೈಮು

ದಿನದ ಎಲ್ಲಾ ಕೆಲಸಕ್ಕೂ ಇದೇ ಮೊಳೆ, ಮಿಕ್ಕಿದ್ದೆಲ್ಲ ಇದಕ್ಕೆ ನೇತು ಹಾಕ್ಕೊಳ್ಳೋದು. ಟೈಮ್ ಆರಿಸ್ಕೊಳ್ಳೋವಾಗ ಈಗಿನ ಅನುಕೂಲ ನೋಡ್ಬೇಡಿ, ಈಗ ನೀವು ಮನೇಲಿದೀರ, ಹತ್ತು ಗಂಟೆಗೂ ತಗೋಬಹುದು, ಆದ್ರೆ ಎರಡು ತಿಂಗಳಾದ್ಮೇಲೆ ಕೆಲಸಕ್ಕೆ ಹೋಗೋವಾಗ ಯಾವ ಟೈಮಲ್ಲಿ ಆಗುತ್ತೋ ಅದನ್ನ ಈಗ್ಲೇ ಇಟ್ಕೊಳ್ಳಿ. ನಂಗೆ 7.40ರ ಬಸ್ಸು, ಅದಕ್ಕೆ ಬೆಳಿಗ್ಗೆ 6 ಗಂಟೆ ಅಂತ ಇಟ್ಕೊಂಡೆ. ಸಾಮಾನ್ಯವಾಗಿ ಖಾಲಿ ಹೊಟ್ಟೇಲಿ ತಗೊಳಿ ಅಂತಾರೆ, ವಾಕರಿಕೆ ತಡಿಯೋಕಾಗ್ದಿದ್ರೆ ಡಾಕ್ಟ್ರನ್ನ ಕೇಳಿ ಬದಲಾಯಿಸ್ಕೊಳ್ಳಿ, ನೀವೇ ಬಿಟ್ಟುಬಿಡ್ಬೇಡಿ.

ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿರೋ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿದು, ಎಷ್ಟು ಮಾತ್ರೆ ಅನ್ನೋದು ತೂಕದ ಮೇಲೆ. ನಂಗೆ 44 ಕೆಜಿಗೆ ದಿನಕ್ಕೆ ಮೂರು. ಮೊದಲ ದಿನಾನೇ ಮೂತ್ರ ಕಿತ್ತಳೆ ಕೆಂಪು ಬಣ್ಣಕ್ಕೆ ಬರುತ್ತೆ, ನಾನು ರಕ್ತ ಅಂದ್ಕೊಂಡು ಕಿರುಚಿದ್ದೆ, ಅದು ರಿಫಾಂಪಿಸಿನ್ ಅನ್ನೋ ಔಷಧಿ ಬಣ್ಣ ಅಷ್ಟೇ, ಭಯ ಬೇಡ. ಭಯ ಪಡ್ಬೇಕಾದ್ದು ಬೇರೆ ಇದೆ: ಕಣ್ಣು ಹಳದಿ ಆಗೋದು, ವಾಂತಿ ನಿಲ್ದೇ ಇರೋದು, ಕಣ್ಣು ಮಂಜಾಗೋದು ಅಥವಾ ಕೆಂಪು ಹಸಿರು ಬಣ್ಣ ಸರಿಯಾಗಿ ಗೊತ್ತಾಗ್ದೇ ಇರೋದು, ಕಫದಲ್ಲಿ ರಕ್ತ ಜಾಸ್ತಿ ಬರೋದು, ಉಸಿರು ಕಟ್ಟೋದು, ಇದ್ರಲ್ಲಿ ಒಂದಾದ್ರೂ ಕಂಡ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕಾಲು ಜುಮ್ಮನ್ನೋದು, ಕೀಲು ನೋವು ಇದ್ರೂ ಹೇಳಿ, ಜುಮ್ಮನ್ನೋದಕ್ಕೆ ವಿಟಮಿನ್ ಬಿ6 ಕೊಡ್ತಾರೆ. ಕುಡಿಯೋ ಅಭ್ಯಾಸ ಇದ್ರೆ ಪೂರ್ತಿ ನಿಲ್ಲಿಸ್ಲೇಬೇಕು, ಲಿವರ್ ಮೇಲೆ ಎರಡೂ ಭಾರ ಬೀಳುತ್ತೆ. ಹೆಣ್ಣುಮಕ್ಕಳಿಗೆ ಯಾರೂ ಬಾಯ್ಬಿಟ್ಟು ಹೇಳದ ವಿಷ್ಯ ಒಂದಿದೆ, ರಿಫಾಂಪಿಸಿನ್ ತಗೊಳ್ಳೋವಾಗ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡಲ್ಲ, ಅದನ್ನ ತಗೊಳ್ತಿದ್ರೆ ಡಾಕ್ಟ್ರಿಗೆ ಹೇಳಿ ಬೇರೆ ದಾರಿ ಕೇಳಿ.

ಮಾತ್ರೆ ಇಡೋ ಜಾಗವೂ ಒಂದೇ ಇರಲಿ. ನಾನು ರೇಡಿಯೋ ಪಕ್ಕ ಇಟ್ಟಿದ್ದೆ. ಬೆಳಿಗ್ಗೆ ಎದ್ದು ಆಕಾಶವಾಣಿ ಹಾಕೋದು, ಮಾತ್ರೆ ನುಂಗೋದು, ಎರಡೂ ಒಂದೇ ಕೆಲಸ ಆಗೋಯ್ತು. ಒಬ್ಬರೇ ಇರೋರಿಗೆ ಫೋನಿಗಿಂತ ರೇಡಿಯೋ ಒಳ್ಳೇದು ಅಂತ ನಾನು ಖಂಡಿತ ಹೇಳ್ತೀನಿ, ಅದಕ್ಕೆ ಟೈಮ್ ಇದೆ, ವಾರ್ತೆ ಬಂತು ಅಂದ್ರೆ ಇಷ್ಟು ಗಂಟೆ ಅಂತ ಗೊತ್ತಾಗುತ್ತೆ, ಫೋನಿಗೆ ಹೊತ್ತು ಗೊತ್ತು ಇಲ್ಲ. ನಮ್ಮ ಮೈಸೂರಲ್ಲೇ 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತವಾಗಿ ಬಾನುಲಿ ಕೇಂದ್ರ ಶುರು ಮಾಡಿದ್ದು, ಆಕಾಶವಾಣಿ ಅನ್ನೋ ಹೆಸರು ಅಲ್ಲಿಂದ ಬಂದಿದ್ದು, ಇದು ಕೂಡ ಆ ರೂಮಲ್ಲಿ ರೇಡಿಯೋ ಕೇಳಿನೇ ನಂಗೆ ಗೊತ್ತಾಗಿದ್ದು.

ಹೆಜ್ಜೆ 3: ತೂಕ, ಅಂದ್ರೆ ಊಟ

ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ರೂಮಲ್ಲಿ ಕೂತಿರುವಾಗ ಮಾಡ್ಬಹುದಾದ ಕೆಲಸಗಳಲ್ಲಿ ಮಾತ್ರೆ ಬಿಟ್ರೆ ಇದಕ್ಕಿಂತ ದೊಡ್ಡದಿಲ್ಲ. 2023ರಲ್ಲಿ ಜಾರ್ಖಂಡಲ್ಲಿ ಮಾಡಿದ ದೊಡ್ಡ ಅಧ್ಯಯನದ ಫಲಿತಾಂಶ ಬಂತು, ಅದನ್ನ ಮುನ್ನಡೆಸಿದ್ದು ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾಕ್ಟ್ರು ಅನುರಾಗ್ ಭಾರ್ಗವ ಮತ್ತೆ ಮಾಧವಿ ಭಾರ್ಗವ. ಮೊದಲ ಎರಡು ತಿಂಗಳಲ್ಲಿ 5% ತೂಕ ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಸುಮಾರು 60% ಕಮ್ಮಿ ಇತ್ತು, ಮತ್ತೆ ರೋಗಿ ಮನೆಯವರಿಗೂ ಅಕ್ಕಿ ಬೇಳೆ ಕೊಟ್ಟು ಊಟ ಸುಧಾರಿಸಿದಾಗ ಅವರಿಗೆ ಟಿಬಿ ಬರೋದು ಸುಮಾರು 40% ಕಮ್ಮಿಯಾಯ್ತು. ನಂಗೆ 5% ಅಂದ್ರೆ ಎರಡು ಕೆಜಿ ಇನ್ನೂರು ಗ್ರಾಂ. ಲೆಕ್ಕ ಹಾಕಿ ನೋಡಿದ್ಮೇಲೆ ಅದು ಆಗದೇ ಇರೋ ಕೆಲಸ ಅಂತ ಅನ್ಸ್ಲಿಲ್ಲ.

ಮೊದಲು ಪಥ್ಯ ಬಿಡಿ. ಮೊಸರು ಶೀತ, ಬಾಳೆಹಣ್ಣು ಕಫ, ಮೊಟ್ಟೆ ಉಷ್ಣ, ಕಡ್ಲೆಕಾಯಿ ಪಿತ್ತ ಅಂತ ಒಂದೊಂದೇ ತೆಗೆದ್ರೆ ಕೊನೆಗೆ ತಿಳಿಸಾರು ಅನ್ನ ಉಳಿಯುತ್ತೆ, ಅದ್ರಲ್ಲಿ ಮೈ ತುಂಬಲ್ಲ. ಸಕ್ಕರೆ ಕಾಯಿಲೆನೋ ಇನ್ನೊಂದೋ ಇದ್ರೆ ಡಾಕ್ಟ್ರು ಹೇಳಿದ ಪಥ್ಯ ಮಾಡಿ, ಬೇರೇದು ಬೇಡ. ನಂಗೆ ಹೇಳಿದ್ದು ಒಂದು ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್, ಅಂದ್ರೆ ನಂಗೆ 55, 60 ಗ್ರಾಂ ಹತ್ರ. ಒಂದು ಮೊಟ್ಟೇಲಿ 6 ಗ್ರಾಂ ಸಿಗುತ್ತೆ, ನೂರು ಗ್ರಾಂ ಹುರುಳಿಕಾಳಲ್ಲಿ 22ರ ಹತ್ರ, ಕಡ್ಲೆಕಾಯಿ ಬೀಜದಲ್ಲಿ 25ರ ಹತ್ರ, ರಾಗೀಲಿ 7. ಅಂದ್ರೆ ದುಡ್ಡು ಸುರಿದು ಪೌಡರ್ ಡಬ್ಬ ತರ್ಬೇಕಾಗಿಲ್ಲ, ನಮ್ಮ ಕಡೆ ಊಟದಲ್ಲೇ ಆಗುತ್ತೆ, ಸ್ವಲ್ಪ ಯೋಚನೆ ಮಾಡಿ ಜೋಡಿಸ್ಕೋಬೇಕು.

ನನ್ನ ದಿನ ಹೀಗಿತ್ತು: ಮಾತ್ರೆ ಆದ ಒಂದು ಗಂಟೆಗೆ ಹಾಲು ಹಾಕಿದ ರಾಗಿ ಗಂಜಿ, ಒಂಬತ್ತಕ್ಕೆ ತಿಂಡಿ ಜೊತೆ ಎರಡು ಮೊಟ್ಟೆ, ಹನ್ನೊಂದಕ್ಕೆ ಒಂದು ಹಿಡಿ ಕಡ್ಲೆಕಾಯಿ ಬೀಜ ಬೆಲ್ಲ, ಮಧ್ಯಾಹ್ನ ಮುದ್ದೆ, ಮೊಳಕೆ ಹುರುಳಿ ಸಾರು ಅಥವಾ ಬಸ್ಸಾರು ಪಲ್ಯ, ಮೊಸರು, ಸಂಜೆ ಹುರಿಗಡಲೆ ಬಾಳೆಹಣ್ಣು, ರಾತ್ರಿ ಅನ್ನ ದಪ್ಪ ಬೇಳೆ ಸಾರು, ಮಲಗೋವಾಗ ಹಾಲು, ವಾರಕ್ಕೆರಡು ದಿನ ಮೀನೋ ಕೋಳಿನೋ. ಮೊದಲ ವಾರ ಇದ್ರಲ್ಲಿ ಅರ್ಧನೂ ಸೇರ್ತಿರ್ಲಿಲ್ಲ. ಅದಕ್ಕೆ ಒಂದೇ ದಾರಿ, ಸ್ವಲ್ಪ ಸ್ವಲ್ಪ ಆರೇಳು ಸಲ ತಿನ್ನೋದು, ಹಸಿವಾಗ್ಲಿ ಅಂತ ಕಾಯ್ಬೇಡಿ, ಗಂಟೆ ಆಯ್ತು ಅಂದ್ರೆ ಎರಡು ತುತ್ತಾದ್ರೂ ತಿನ್ನಿ. ಊಟ ಪೂರ್ತಿ ಬೇಡ ಅನ್ಸೋದು ಹೆಚ್ಚಾಗ್ತಾ ಹೋದ್ರೆ ಅದನ್ನೂ ಡಾಕ್ಟ್ರಿಗೆ ಹೇಳ್ಬೇಕು, ಲಿವರ್ ತೊಂದ್ರೆ ಹಾಗೂ ಶುರುವಾಗ್ಬಹುದು.

ದುಡ್ಡಿನ ವಿಷ್ಯ: ನಿಕ್ಷಯ್ ಪೋಷಣ್ ಯೋಜನೇಲಿ ಚಿಕಿತ್ಸೆ ನಡೆಯೋವಷ್ಟು ದಿನ ಊಟಕ್ಕೆ ಅಂತ ಬ್ಯಾಂಕ್ ಖಾತೆಗೆ ದುಡ್ಡು ಬರುತ್ತೆ, ಮೊದಲು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿಂದ 1000 ಆಗಿದೆ. ಪ್ರೈವೇಟ್ ಡಾಕ್ಟ್ರ ಹತ್ರ ತೋರಿಸ್ತಿದ್ರೂ ಸರ್ಕಾರದ ಟಿಬಿ ನೋಂದಣಿ ವ್ಯವಸ್ಥೆ ಆದ ನಿಕ್ಷಯ್‌ನಲ್ಲಿ ಹೆಸರು ನೋಂದಾಯಿಸಿದ್ರೆ ಸಿಗುತ್ತೆ. ಮೊದಲ ವಾರದಲ್ಲೇ ಬ್ಯಾಂಕ್ ಪಾಸ್‌ಬುಕ್, ಆಧಾರ್ ಕಾಪಿ ಕೊಟ್ಟಿಡಿ.

ತೂಕ ವಾರಕ್ಕೊಂದೇ ಸಲ ನೋಡಿ, ಅದೇ ದಿನ, ಅದೇ ಟೈಮು, ಅದೇ ಬಟ್ಟೆ. ದಿನಾ ನೋಡಿದ್ರೆ ನೂರು ಗ್ರಾಂ ಇಳಿದಿದ್ದಕ್ಕೇ ಮನಸ್ಸು ಮುರಿಯುತ್ತೆ.

ಹೆಜ್ಜೆ 4: ಮೈ ಅಲ್ಲಾಡಿಸೋದು

ಜ್ವರ ಇರೋವರೆಗೂ ವ್ಯಾಯಾಮ ಬೇಡವೇ ಬೇಡ. ವಿಡಿಯೋಗಳಲ್ಲಿ ಐಸೋಲೇಷನ್ ಟೈಮಲ್ಲಿ ಸಿಕ್ಸ್ ಪ್ಯಾಕ್ ಮಾಡ್ಕೊಳ್ಳಿ ಅಂತೆಲ್ಲ ಬರುತ್ತೆ, ಅದು ಆರೋಗ್ಯವಾಗಿರೋರಿಗೆ. ನಿಮ್ಮ ಮೈ ಈಗ ಒಳಗಡೆ ದೊಡ್ಡ ಕೆಲಸ ಮಾಡ್ತಿದೆ, ತಿಂದಿದ್ದು ಅಲ್ಲಿಗೆ ಹೋಗ್ಲಿ.

ಜ್ವರ ಬಿಟ್ಟು ಎರಡ್ಮೂರು ದಿನ ಆದ್ಮೇಲೆ ನಡೆಯೋದ್ರಿಂದ ಶುರು ಮಾಡಿ. ನನ್ನ ರೂಮು ಉದ್ದಕ್ಕೆ ಒಂಬತ್ತು ಹೆಜ್ಜೆ, ಮೊದಲ ದಿನ ಹತ್ತು ಸುತ್ತಿಗೇ ಎದೆ ಹೊಡ್ಕೊಳ್ತಿತ್ತು, ಮೂರನೇ ವಾರಕ್ಕೆ ಟೆರೇಸ್ ಮೇಲೆ ಬೆಳಿಗ್ಗೆ ಬಿಸ್ಲಲ್ಲಿ ಇಪ್ಪತ್ತು ನಿಮಿಷ ಆಗ್ತಿತ್ತು. ಅಳತೆ ಏನಂದ್ರೆ ನಡೀತಾ ಒಂದು ವಾಕ್ಯ ಪೂರ್ತಿ ಮಾತಾಡೋಕಾಗ್ಬೇಕು, ಮಧ್ಯದಲ್ಲಿ ಉಸಿರು ಎಳೀಬೇಕಾದ್ರೆ ನಿಧಾನ ಮಾಡಿ. ಆಮೇಲೆ ಕುರ್ಚಿಯಿಂದ ಕೈ ಊರದೇ ಎದ್ದು ಕೂರೋದು ಐದೈದು ಸಲ, ಇದು ಟಿಬಿಲಿ ಕರಗಿ ಹೋದ ತೊಡೆಗೆ ತುಂಬಾ ಒಳ್ಳೇದು, ಗೋಡೆಗೆ ಕೈಯಿಟ್ಟು ದೂಡೋದು, ಅದಾದ್ಮೇಲೆ ಬೇಕಾದ್ರೆ ನಿಧಾನಕ್ಕೆ ಸೂರ್ಯ ನಮಸ್ಕಾರ ಎರಡೋ ಮೂರೋ. ಉಸಿರಾಟಕ್ಕೆ, ಮೂಗಲ್ಲಿ ಎಳ್ಕೊಂಡು ತುಟಿ ಮುಂದೆ ಮಾಡಿ ದೀಪ ಆರದ ಹಾಗೆ ಊದೋ ಥರ ನಿಧಾನಕ್ಕೆ ಬಿಡೋದು, ಅದು ಸಾಕು. ಕಪಾಲಭಾತಿ ಥರ ಜೋರಾಗಿ ಊದೋದು ಈಗ ಬೇಡ, ಅದ್ರಲ್ಲೂ ಕಫದಲ್ಲಿ ರಕ್ತ ಬಂದಿದ್ರೆ ಬೇಡವೇ ಬೇಡ, ಮೊದಲು ಹೇಳಿದ ನಿಧಾನದ ಉಸಿರಾಟಾನೂ ಯಾರೂ ಪಕ್ಕದಲ್ಲಿ ಇಲ್ಲದಾಗ ಮಾಡಿ.

ನಿದ್ದೆ ಮಧ್ಯಾಹ್ನ ಒಂದು ಗಂಟೆ ಇರ್ಲಿ, ಅದಕ್ಕಿಂತ ಜಾಸ್ತಿ ಆದ್ರೆ ರಾತ್ರಿ ಎಲ್ಲಾ ಯೋಚನೆಗಳೂ ಎದ್ದು ಕೂರುತ್ವೆ.

ಹೆಜ್ಜೆ 5: ಒಂದೇ ಒಂದು ಕಲಿಕೆ

ಒಂದು ಅಂದ್ರೆ ಒಂದೇ. ನಾನು ಮೊದಲು ಪಟ್ಟಿ ಮಾಡಿದ್ದೆ, ಸ್ಪೋಕನ್ ಇಂಗ್ಲಿಷ್, ಎಕ್ಸೆಲ್, ಎಸ್‌ಡಿಎ ಪರೀಕ್ಷೆಗೆ ಓದೋದು, ಚಿತ್ರ ಬಿಡಿಸೋದು, ಐದು ದಿನಕ್ಕೆ ಯಾವುದೂ ಆಗ್ದೇ ನಂಗೇನೂ ಬರಲ್ಲ ಅನ್ನೋ ಹಂತಕ್ಕೆ ಬಂದೆ. ತಮ್ಮ ಕಿಟಕಿ ಆಚೆ ನಿಂತು ಹೇಳ್ದ, "ಅಕ್ಕ, ನನ್ನ ಹಳೇ ಲ್ಯಾಪ್‌ಟಾಪ್ ಕೊಡ್ತೀನಿ, ಎಕ್ಸೆಲ್ ಒಂದ್ ಕಲಿ ಸಾಕು, ಬಿಲ್ಲಿಂಗಲ್ಲಿ ಹೆಂಗೂ ಬೇಕಲ್ಲ." ನಾನು ಆಗ ಕಂಪನೀಲಿ ಬೇರೆಯವರು ಮಾಡಿಟ್ಟ ಶೀಟಿಗೆ ನಂಬರ್ ತುಂಬ್ತಿದ್ದೆ ಅಷ್ಟೇ, ಅದ್ರೊಳಗೆ ಏನ್ ನಡೆಯುತ್ತೆ ಗೊತ್ತಿರ್ಲಿಲ್ಲ.

ಹೇಗೆ ಕಲ್ತೆ ಅಂತ ವಿವರವಾಗಿ ಹೇಳ್ತೀನಿ, ನೀವು ಬೇರೆ ಏನೇ ಕಲಿಯೋದಾದ್ರೂ ದಾರಿ ಇದೇ. ಯಾರದ್ದೋ ಉದಾಹರಣೆ ಇಟ್ಕೊಂಡು ಕಲಿಯೋ ಬದ್ಲು ನನ್ನ ಕಾಯಿಲೆ ಲೆಕ್ಕಾನೇ ಶೀಟ್ ಮಾಡಿದೆ. ಮೊದಲ ಕಾಲಮ್ಮಲ್ಲಿ ತಾರೀಖು, ಎರಡನೇದ್ರಲ್ಲಿ ಮಾತ್ರೆ ತಗೊಂಡ ಟೈಮು, ಆಮೇಲೆ ಬೆಳಿಗ್ಗೆ ಜ್ವರ, ಸಂಜೆ ಜ್ವರ, ಊಟ ಎಷ್ಟು ಸಲ, ಎಷ್ಟು ಸುತ್ತು ನಡೆದೆ, ವಾರಕ್ಕೊಂದು ತೂಕ, ಕೊನೇಲಿ ಏನಾದ್ರೂ ತೊಂದ್ರೆ ಇದ್ರೆ ಅದು. ತಾರೀಖು 180 ದಿನಕ್ಕೂ ಕೆಳಗೆ ಎಳೆದು ತುಂಬಿಸೋದೇ ಮೊದಲ ಪಾಠ. ಮಾರನೇ ದಿನ ತೂಕದ ವ್ಯತ್ಯಾಸ ಕಳೆಯೋ ಫಾರ್ಮುಲಾ, ಆಮೇಲೆ ಸರಾಸರಿ ಜ್ವರ, ಆಮೇಲೆ ಮಾತ್ರೆ ಕಾಲಮ್ ಖಾಲಿ ಇದ್ರೆ ಕೆಂಪಾಗೋ ಕಂಡೀಷನಲ್ ಫಾರ್ಮ್ಯಾಟಿಂಗ್, ಎರಡನೇ ವಾರಕ್ಕೆ ಗ್ರಾಫ್. ಸಂಜೆ ಜ್ವರದ ಗೆರೆ ಹನ್ನೆರಡನೇ ದಿನಕ್ಕೆ ಕೆಳಗೆ ಇಳಿದಿದ್ದು ಗ್ರಾಫಲ್ಲಿ ನೋಡಿದಾಗ ಡಾಕ್ಟ್ರು ಬಾಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ನಂಬಿಕೆ ಬಂತು, ನಾನು ವಾಸಿಯಾಗ್ತಿದೀನಿ ಅಂತ ನನ್ನ ಕೈಯಿಂದ್ಲೇ ನಂಗೆ ಗೊತ್ತಾಯ್ತು. ಎರಡು ತಿಂಗಳ ಚೆಕಪ್ಪಿಗೆ ಅದನ್ನ ಪ್ರಿಂಟ್ ತಗೊಂಡು ಹೋದೆ, ಡಾಕ್ಟ್ರು ಅದನ್ನ ಪೂರ್ತಿ ಓದಿದ್ರು.

ಟೈಮು ದಿನಕ್ಕೆ ನಲವತ್ತು ನಿಮಿಷ, ಬೆಳಿಗ್ಗೆ ತಿಂಡಿ ಆದ್ಮೇಲೆ, ಮೈಗೆ ಶಕ್ತಿ ಇರೋ ಹೊತ್ತಲ್ಲಿ. ಟಿಬಿಲಿ ಸಂಜೆ ಜ್ವರ ಏರುತ್ತೆ, ಸಂಜೆಗೆ ಅಂತ ಇಟ್ಕೊಂಡ್ರೆ ನಡೆಯಲ್ಲ. ಸುಸ್ತಾದ ದಿನ ಹತ್ತು ನಿಮಿಷ ಮಾಡಿ ಮುಚ್ಚಿ. ಲ್ಯಾಪ್‌ಟಾಪ್ ಇಲ್ಲ ಅಂದ್ರೆ ಒಂದು ರೂಲ್ ಎಳೆದ ನೋಟ್‌ಬುಕ್ ಇದ್ರೂ ಇದೇ ಶೀಟ್ ಆಗುತ್ತೆ, ಆಗ ಕಲಿಯೋಕೆ ಇನ್ನೇನಾದ್ರೂ ಆರಿಸ್ಕೊಳ್ಳಿ, ಕೈಹೊಲಿಗೆ, ಕನ್ನಡ ಟೈಪಿಂಗ್, ಅರ್ಧಕ್ಕೆ ಬಿಟ್ಟ ಪಿಯುಸಿ ಸಬ್ಜೆಕ್ಟು. ಆರಿಸೋವಾಗ ಎರಡು ಪ್ರಶ್ನೆ ಕೇಳ್ಕೊಳ್ಳಿ: ಮಲಗಿದ್ದಲ್ಲೇ ಅಥವಾ ಕೂತಲ್ಲೇ ಆಗುತ್ತಾ, ರೂಮಿಂದ ಆಚೆ ಬಂದ್ಮೇಲೂ ಇದ್ರಿಂದ ಕೆಲಸ ಇದೆಯಾ.

ಹೆಜ್ಜೆ 6: ಮಾತು, ಮನಸ್ಸು, ಫೋನು

ಫೋನಲ್ಲಿ ಟಿಬಿ ಅಂತ ಹುಡುಕೋದು ನಿಲ್ಲಿಸಿ, ಮೊದಲ ದಿನವೇ ನಿಲ್ಲಿಸಿ. ಏನಾದ್ರೂ ಕೇಳ್ಬೇಕು ಅಂದ್ರೆ ಒಂದು ಚೀಟೀಲಿ ಬರೆದಿಟ್ಕೊಂಡು ಡಾಕ್ಟ್ರನ್ನ ಕೇಳಿ ಅಥವಾ ಟಿಬಿ ಸಹಾಯವಾಣಿ 1800-11-6666 ಫ್ರೀ ಇದೆ, ಅದಕ್ಕೆ ಮಾಡಿ. ರಾತ್ರಿ ಒಂಬತ್ತಕ್ಕೆ ನಾನು ಫೋನ್ ಅನ್ನ ರೂಮಿನ ಆ ತುದೀಲಿ ಚಾರ್ಜಿಗೆ ಹಾಕಿ ಮಲಗ್ತಿದ್ದೆ.

ಪ್ರತ್ಯೇಕ ಇರೋದು ಅಂದ್ರೆ ಮಾತು ಬಿಡೋದಲ್ಲ. ನಮ್ಮಜ್ಜಿ ಸಂಜೆ ಟೆರೇಸಿಗೆ ಬಂದು ಕಿಟಕಿಯಿಂದ ದೂರದಲ್ಲಿ ಚಾಪೆ ಹಾಕ್ಕೊಂಡು ಕೂರ್ತಿದ್ಲು, "ಏನವ್ವ, ಉಂಡ್ಯಾ" ಅಂತ ಶುರು ಮಾಡಿದ್ರೆ ಒಂದು ಗಂಟೆ. ಪ್ಲೇಗ್ ಬಂದಾಗ ಊರಿಗೆ ಊರೇ ಬಾಗ್ಲು ಹಾಕಿ ಹೊಲದಲ್ಲಿ ಗುಡಿಸ್ಲು ಹಾಕ್ಕೊಂಡು ಇದ್ರಂತೆ, ಅಜ್ಜಿ ಅಮ್ಮ ಅವಳಿಗೆ ಹೇಳಿದ್ದು, ಒಲೆ ಹಚ್ಚೋಕೆ ಬೆಂಕಿ ಕೇಳೋಕೂ ದೂರ ನಿಂತ್ಕೊಂಡು ಕೂಗ್ತಿದ್ರಂತೆ. "ಆಗ ಎಲ್ರೂ ಆಚೆ ಇದ್ವಿ, ಈಗ ನೀನೊಬ್ಳೇ ಒಳಗಿದೀಯ, ಅಷ್ಟೇ ಕಣವ್ವ, ಇದೂ ಹೋಯ್ತದೆ" ಅಂದ್ಲು. ಆ ಮಾತುಗಳನ್ನ ಫೋನಲ್ಲಿ ರೆಕಾರ್ಡ್ ಮಾಡಿಟ್ಟೆ, ಹದಿಮೂರು ರೆಕಾರ್ಡಿಂಗ್ ಇದೆ, ಅಜ್ಜಿ ಈಗ ಇಲ್ಲ. ನಿಮ್ಮ ಮನೇಲಿ ವಯಸ್ಸಾದೋರು ಇದ್ರೆ ಬಯಲು ಗಾಳೀಲಿ, ದೂರ ಕೂತು, ನೀವು ಮಾಸ್ಕ್ ಹಾಕ್ಕೊಂಡು ಮಾತಾಡ್ಸಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಭಾರ ಇರುತ್ತೆ. ಮದ್ವೆ ಆಗ್ದೇ ಇರೋಳಿಗೆ ಟಿಬಿ ಅಂತ ಗೊತ್ತಾದ್ರೆ ಏನ್ ಗತಿ ಅಂತ ಸಂಬಂಧಿಕರು ಕೆಳಗೆ ಮಾತಾಡಿದ್ದು ನಂಗೆ ಮೇಲೆ ಕೇಳಿಸ್ತಿತ್ತು. ಯಾರಿಗೆ ಹೇಳ್ಬೇಕು ಯಾರಿಗೆ ಬೇಡ ಅನ್ನೋದು ನಿಮ್ಮ ತೀರ್ಮಾನ, ಆದ್ರೆ ಒಬ್ಬ ಸ್ನೇಹಿತೆಗಾದ್ರೂ ಪೂರ್ತಿ ನಿಜ ಹೇಳಿ, ದಿನಾ ಒಂದು ಫೋನ್ ಮಾಡೋ ಥರದೋರಿಗೆ. ಎರಡು ವಾರ ಆದ್ರೂ ಅಳು ನಿಲ್ತಿಲ್ಲ, ನಿದ್ದೆ ಇಲ್ಲ, ಬದುಕಿದ್ದು ಏನ್ ಪ್ರಯೋಜನ ಅನ್ನೋ ಯೋಚನೆ ಬರ್ತಿದೆ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗ್ಲಾದ್ರೂ ಮಾಡ್ಬಹುದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಎರಡು ಸಲ ಮಾಡಿದೀನಿ. ಸಾಯ್ಬೇಕು ಅನ್ನೋ ಯೋಚನೆ ಜೋರಾಗಿದ್ರೆ ಮನೇಲಿ ಒಬ್ಬರನ್ನ ಕೂಗಿ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ. ಟಿಬಿ ಮಾತ್ರೆ ತಗೊಳ್ಳೋರಲ್ಲಿ ಕೆಲವರಿಗೆ ಮನಸ್ಸಿನ ಏರುಪೇರು ಮಾತ್ರೆಯಿಂದ್ಲೂ ಆಗ್ಬಹುದು, ಅದಕ್ಕೆ ಡಾಕ್ಟ್ರಿಗೂ ಹೇಳಿ.

ಹೆಜ್ಜೆ 7: ಆಚೆ ಬರೋದು

ಡಾಕ್ಟ್ರು ಸರಿ ಅಂದ್ಮೇಲೆ ಬನ್ನಿ, ಮನಸ್ಸಿಗೆ ಸಾಕಾಯ್ತು ಅಂತ ಬರ್ಬೇಡಿ. ಅಷ್ಟರೊಳಗೆ ಮನೆಯವರೆಲ್ಲರ ತಪಾಸಣೆ ಆಗಿರ್ಬೇಕು, ಎಕ್ಸ್‌ರೇ ಹೇಳಿದ್ರೆ ಎಕ್ಸ್‌ರೇ, ಐದು ವರ್ಷದೊಳಗಿನ ಮಕ್ಕಳಿದ್ರೆ ಅವ್ರನ್ನ ಮೊದಲು, ಕಾಯಿಲೆ ಇಲ್ಲ ಅಂತ ಖಚಿತ ಆದೋರಿಗೆ ಬರದ ಹಾಗೆ ತಡೆಯೋ ಮಾತ್ರೆ ಕೊಡ್ತಾರೆ. ನಮ್ಮಪ್ಪ "ನಂಗೇನಾಗಿದೆ" ಅಂತ ಹತ್ತು ದಿನ ಹೋಗ್ಲಿಲ್ಲ, ಕೊನೆಗೆ ನಾನು ಊಟ ಮಾಡಲ್ಲ ಅಂದ್ಮೇಲೆ ಹೋದ್ರು.

ಕೆಲಸಕ್ಕೆ ಹೋಗೋದಾದ್ರೆ ಮೊದಲ ವಾರ ಅರ್ಧ ದಿನ ಕೇಳಿ ನೋಡಿ. ಬ್ಯಾಗಲ್ಲಿ ಮೂರು ದಿನದ ಮಾತ್ರೆ ಬೇರೆ ಇಟ್ಟಿರಿ, ಊರಿಗೆ ಹೋದಾಗ, ಮದ್ವೆಮನೇಲಿ ಉಳ್ಕೊಂಡಾಗ, ಬಸ್ ತಪ್ಪಿದಾಗ ಅದೇ ಕಾಪಾಡೋದು. ಎರಡು ತಿಂಗಳು ಮುಗಿದಾಗ ಕಫ ಟೆಸ್ಟ್ ಮತ್ತೆ ಮಾಡ್ತಾರೆ, ಆ ತಾರೀಖನ್ನ ರೂಮಲ್ಲಿರುವಾಗ್ಲೇ ಶೀಟಲ್ಲಿ ಬೇರೆ ಬಣ್ಣ ಹಾಕಿಡಿ. ತೂಕ ಏರಿದ್ರೆ ಮಾತ್ರೆ ಸಂಖ್ಯೆ ಬದಲಾಗ್ಬಹುದು, ನಾನು 50 ದಾಟಿದ್ಮೇಲೆ ಮೂರರಿಂದ ನಾಲ್ಕಕ್ಕೆ ಏರಿಸಿದ್ರು, ಅದಕ್ಕೇ ಪ್ರತಿ ಸಲ ಹೋದಾಗ ತೂಕ ಹೇಳ್ಬೇಕು.

ನನ್ನ ಶೀಟಲ್ಲಿ 71ನೇ ಸಾಲು ಕೆಂಪಾಗಿದೆ. ಅವತ್ತು ಅತ್ತೆ ಮಗಳ ಮದ್ವೆ, ತುಂಬಾ ಚೆನ್ನಾಗಿ ಅನ್ಸಿತ್ತು, ಮೈಯಲ್ಲಿ ಏನೂ ಕಾಯಿಲೆ ಇರ್ಲೇ ಇಲ್ಲ ಅನ್ನೋ ಥರ, ಬೆಳಿಗ್ಗೆ ಮಾತ್ರೆ ಮರೆತೇ ಹೋಯ್ತು. ರಾತ್ರಿ ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದಾಗ ಆ ಕೆಂಪು ಕಾಣಿಸ್ತು, ಮಾರನೇ ದಿನ ಬೆಳಿಗ್ಗೆ ಸಹಾಯವಾಣಿಗೆ ಫೋನ್ ಮಾಡಿ ಏನ್ ಮಾಡ್ಬೇಕು ಕೇಳ್ಕೊಂಡೆ, ಆರು ಗಂಟೆ ಮಾತ್ರೆ ಅಷ್ಟೊತ್ತಿಗೆ ಆಗ್ಲೇ ನುಂಗಾಗಿತ್ತು. ಆಮೇಲೆ 180ರವರೆಗೆ ಒಂದೂ ಕೆಂಪಿಲ್ಲ.